ವಿಶ್ವಾಸಪಾಲಕ ಸಂತ ಅಥನಾಸಿಯುಸ್

ಬಲಿಪೂಜೆಯಲ್ಲಿ ನೈಸಿಯಾದ ವಿಶ್ವಾಸ ಪ್ರಮಾಣವನ್ನು ಪಠಿಸುವಾಗ, ಸುತನು ಪಿತನೊಡನೆ ಒಂದೇ ಸತ್ವವುಳ್ಳವನೆಂದು ನಾವು ಸಾರುತ್ತೇವೆ. ನಮ್ಮ ನಾಲಗೆಗೆ ಸಲೀಸಾಗಿರುವ ಈ ಮಾತನ್ನು ಧರ್ಮಸಭೆಗೆ ಉಳಿಸಿಕೊಡಲು ಒಬ್ಬ ಧರ್ಮಾಧ್ಯಕ್ಷರು ಸುಮಾರು 17 ವರ್ಷ ದೇಶಭ್ರಷ್ಟರಾಗಿ ಬಾಳಿದರು. ಅವರೇ ಈಜಿಪ್ಟಿನ ಅಲೆಕ್ಸಾಂದ್ರಿಯದ ಸಂತ ಅಥನಾಸಿಯುಸ್.

ಮೂರನೆಯ ಶತಮಾನದ ಕೊನೆಯಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ಧರ್ಮಸೇವೆಗೆ ತಮ್ಮನ್ನು ಒಪ್ಪಿಸಿಕೊಂಡರು. ಆ ಕಾಲದಲ್ಲಿ ಅದೇ ನಗರದ ಗುರು ಆರಿಯುಸನು, ದೇವಸುತನು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟಿಯೇ ಎಂದು ಬೋಧಿಸತೊಡಗಿದನು. ಇದನ್ನು ತೀರ್ಮಾನಿಸಲು 325ರಲ್ಲಿ ನೈಸಿಯಾ ಮಹಾಸಭೆ ಸೇರಿತು. ಅಥನಾಸಿಯುಸರು ಧರ್ಮಾಧ್ಯಕ್ಷ ಅಲೆಕ್ಸಾಂಡರರ ಸೇವಾದರ್ಶಿಯಾಗಿ ಅಲ್ಲಿಗೆ ಹೋಗಿದ್ದರು. ಸಭೆಯು ಆರಿಯುಸನ ಬೋಧನೆಯನ್ನು ತಿರಸ್ಕರಿಸಿತು. 328ರಲ್ಲಿ ಅವರೇ ಅಲೆಕ್ಸಾಂದ್ರಿಯದ ಧರ್ಮಾಧ್ಯಕ್ಷರಾದರು.

ಅವರ ವಾದ ಸರಳವಾದುದು. ಸೃಷ್ಟಿಯು ಸೃಷ್ಟಿಯನ್ನು ಮರಣದಿಂದ ಬಿಡಿಸಲಾರದು. ನಮ್ಮ ನಡುವೆ ಮನುಷ್ಯನಾಗಿ ಬಂದವನು ನಿಜದೇವನಲ್ಲದಿದ್ದರೆ ನಮ್ಮ ರಕ್ಷಣೆಯೇ ಹುಸಿ.

ಮಹಾಸಭೆ ಮುಗಿದರೂ ಕಲಹ ಮುಗಿಯಲಿಲ್ಲ. ಆರಿಯುಸನ ಪಕ್ಷದವರು ಅರಮನೆಯ ಒಲವನ್ನು ಗಳಿಸಿದರು. 335ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಅಥನಾಸಿಯುಸರನ್ನು ದೂರದ ಟ್ರಿಯರ್ ನಗರಕ್ಕೆ ಗಡೀಪಾರು ಮಾಡಿದನು. 339ರಲ್ಲಿ ಮತ್ತೆ ಪೀಠ ತೊರೆಯಬೇಕಾಯಿತು. ಆಗ ರೋಮಿನಲ್ಲಿ ಪೋಪ್ ಜೂಲಿಯುಸರು ಆಶ್ರಯವಿತ್ತರು. 356ರ ಫೆಬ್ರವರಿಯ ಒಂದು ರಾತ್ರಿ, ಜಾಗರಣೆಯ ಪ್ರಾರ್ಥನೆ ನಡೆದಿದ್ದಾಗ, ಸೈನಿಕರು ದೇವಾಲಯವನ್ನು ಮುತ್ತಿದರು. ಭಕ್ತಜನರು ಹೊರಟುಹೋಗುವ ತನಕ ಕದಲಲೊಪ್ಪದ ಧರ್ಮಾಧ್ಯಕ್ಷರನ್ನು ಕೊನೆಗೆ ಅವರ ಆಪ್ತರು ಪಾರುಮಾಡಿದರು. ಮುಂದಿನ ಆರು ವರ್ಷ ಮರುಭೂಮಿಯ ಸನ್ಯಾಸಿಗಳು ಅವರನ್ನು ಕಾಪಾಡಿದರು. ಜೂಲಿಯನ್, ವಾಲೆನ್ಸ್ ಚಕ್ರವರ್ತಿಗಳ ಕಾಲದಲ್ಲಿಯೂ ಊರು ಬಿಡಬೇಕಾಗಿ, ಒಟ್ಟು ಐದು ಬಾರಿ ಅವರು ಗಡೀಪಾರಾದರು.

ವಿಶ್ವಾಸದಲ್ಲಿ ಕಲ್ಲಿನಂತಿದ್ದ ಅವರು ಬರಿಯ ಶಬ್ದಗಳಿಗಾಗಿ ಹಟ ಹಿಡಿಯಲಿಲ್ಲ. 362ರಲ್ಲಿ ತಾವೇ ಕರೆದ ಅಲೆಕ್ಸಾಂದ್ರಿಯದ ಸಭೆಯಲ್ಲಿ, ಬೇರೆ ಬೇರೆ ಪದ ಬಳಸಿದರೂ ವಿಶ್ವಾಸ ಒಂದೇ ಆಗಿದ್ದವರನ್ನು ಸಹೋದರರೆಂದು ಬರಮಾಡಿಕೊಂಡರು. ಸಂತ ಅಂತೋಣಿಯ ಚರಿತ್ರೆ ಬರೆದು ಸನ್ಯಾಸ ಜೀವನದ ಆದರ್ಶವನ್ನು ಹಬ್ಬಿಸಿದರು. ಇಂದು ನಾವು ಓದುವ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು 367ರ ತಮ್ಮ ಪಾಸ್ಕ ಪತ್ರದಲ್ಲಿ ಪಟ್ಟಿಮಾಡಿದರು.

373ರಲ್ಲಿ ಅವರು ತಮ್ಮ ಜನರ ನಡುವೆಯೇ ದೈವಾಧೀನರಾದಾಗ ಹೋರಾಟವಿನ್ನೂ ತೀರಿರಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ನೈಸಿಯಾದ ವಿಶ್ವಾಸವನ್ನು ದೃಢಪಡಿಸಿತು. ಬಿತ್ತಿದವರು ಬೆಳೆಯನ್ನು ಕಾಣಲಿಲ್ಲ. ಆ ಬೆಳೆಯನ್ನು ಉಣ್ಣುತ್ತಿರುವವರು ನಾವು. ಮೇ 2ರಂದು ಅವರ ಹಬ್ಬವನ್ನು ಆಚರಿಸುವಾಗಲೂ ವಿಶ್ವಾಸ ಪ್ರಮಾಣಕ್ಕೆ ಎದ್ದುನಿಲ್ಲುವಾಗಲೂ ಈ ಋಣ ನಮ್ಮ ನೆನಪಿನಲ್ಲಿರಲಿ.