ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಇವರು ದಕ್ಷಿಣ ಭಾರತದಲ್ಲಿ ಸುದೀರ್ಘ ಕಾಲ ಸೇವೆ ಸಲ್ಲಿಸಿದ ಬ್ರಿಟಿಷ್ ಭೂವಿಜ್ಞಾನಿ. ಭಾರತದ ಪ್ರಾಗಿತಿಹಾಸ ಸಂಶೋಧನೆಯ ಜನಕರೆಂದು ಇವರು ಪ್ರಸಿದ್ಧರು. ಕರ್ನಾಟಕದ ಚಿನ್ನದ ನಿಕ್ಷೇಪಗಳನ್ನು ಹೊಂದಿರುವ ಶಿಲಾಸಮೂಹವನ್ನು ಪ್ರತ್ಯೇಕವಾಗಿ ಗುರುತಿಸಿ, ಅದಕ್ಕೆ ಧಾರವಾಡದ ಹೆಸರನ್ನಿತ್ತವರೂ ಇವರೇ.

ಆರಂಭಿಕ ಜೀವನ

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಆಗ ಇಲಾಖೆಯ ಮುಖ್ಯಸ್ಥರಾಗಿದ್ದವರು ಥಾಮಸ್ ಓಲ್ಡಮ್. ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ ಮಾಡುತ್ತಿದ್ದಾಗ, 1863ರ ಮೇ 30ರಂದು ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಉಪಕರಣವೊಂದು ಇವರಿಗೆ ದೊರೆಯಿತು. ಭಾರತದಲ್ಲಿ ಆದಿಮಾನವನ ಅಸ್ತಿತ್ವವನ್ನು ತೋರಿಸಿದ ಈ ಶೋಧದ ಬೆನ್ನಲ್ಲೇ, ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ನೆಲೆಯನ್ನೂ ಕಂಡುಹಿಡಿದರು.

ಡಂಬಳದ ಚಿನ್ನ

ಇಂದಿನ ಗದಗ ಜಿಲ್ಲೆಯ ಡಂಬಳದ ಸಮೀಪದ ಕಪ್ಪತಗುಡ್ಡದಿಂದ ಹರಿದುಬರುವ ಹಳ್ಳಗಳ ಮರಳಿನಲ್ಲಿ ಚಿನ್ನದ ಕಣಗಳಿರುವುದು ಸ್ಥಳೀಯರಿಗೆ ಮೊದಲಿನಿಂದಲೂ ತಿಳಿದಿತ್ತು. ಮಳೆಗಾಲದ ಪ್ರವಾಹ ಇಳಿದ ಮೇಲೆ ಜಲಗಾರರು ಮರದ ಮರಿಗೆಗಳಲ್ಲಿ ಮರಳನ್ನು ತೊಳೆದು ಚಿನ್ನ ತೆಗೆಯುತ್ತಿದ್ದರು. ಫೂಟ್ ಅವರು ಈ ಪ್ರದೇಶವನ್ನು ಪರಿಶೀಲಿಸಿ 1874ರಲ್ಲಿ ವರದಿಯನ್ನು ಪ್ರಕಟಿಸಿದರು. ಯಾವ ಹಳ್ಳದಲ್ಲಿ ಚಿನ್ನವಿದೆ ಎಂಬುದಕ್ಕೆ ಜಲಗಾರರ ಅನುಭವವೇ ಆಧಾರವಾಗಿತ್ತು. ಆ ಚಿನ್ನ ಯಾವ ಶಿಲೆಯಿಂದ ಕಳಚಿಬಂದಿತು ಎಂಬುದನ್ನು ತಿಳಿಯುವುದು ಫೂಟ್ ಅವರ ಉದ್ದೇಶವಾಗಿತ್ತು.

ಅವರು ಅಲ್ಲಿನ ಶಿಲೆಗಳನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿದರು. ಸೊರಟೂರಿನ ಕಡೆಯ ಪಟ್ಟಿಯಲ್ಲಿ ಹಾರ್ನ್‌ಬ್ಲೆಂಡ್ ಮತ್ತು ಕ್ಲೋರೈಟ್ ಖನಿಜಗಳುಳ್ಳ ಹಸಿರು ಛಾಯೆಯ ಶಿಸ್ಟ್ ಶಿಲೆಗಳು ಹರಡಿದ್ದವು. ಆ ಪಟ್ಟಿಯ ಮೇಲೆ ಹರಿಯುವ ಹಳ್ಳಗಳಲ್ಲೇ ಚಿನ್ನ ಮುಖ್ಯವಾಗಿ ದೊರೆಯುತ್ತಿತ್ತು. ಆದರೆ ಸಿಗುತ್ತಿದ್ದ ಚಿನ್ನ ಅತ್ಯಲ್ಪ. ಈ ಹಂತದಲ್ಲಿ ಫೂಟ್ ಅವರು ಈ ಶಿಲೆಗಳನ್ನು ಸುತ್ತಲಿನ ಗ್ನೈಸ್ ಶಿಲಾವರ್ಗದ ಭಾಗವೆಂದೇ ಪರಿಗಣಿಸಿದ್ದರು.

ಮೈಸೂರಿನ ಚಿನ್ನದ ಪ್ರದೇಶಗಳು

1880ರ ಸುಮಾರಿಗೆ ವಯನಾಡಿನಲ್ಲಿ ಚಿನ್ನವಿದೆಯೆಂಬ ವಾರ್ತೆಯಿಂದ ಲಂಡನ್ನಿನ ಷೇರುಪೇಟೆಯಲ್ಲಿ ಅನೇಕ ಕಂಪನಿಗಳು ಹುಟ್ಟಿಕೊಂಡು, ಕೆಲವೇ ವರ್ಷಗಳಲ್ಲಿ ನೆಲಕಚ್ಚಿದವು. ಕೋಲಾರದಲ್ಲಿಯೂ ಆರಂಭದ ಗಣಿಗಳು ನಷ್ಟ ಅನುಭವಿಸುತ್ತಿದ್ದವು. ಚಿನ್ನವನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎಂಬ ಪ್ರಶ್ನೆಗೆ ಶಾಸ್ತ್ರೀಯ ಉತ್ತರ ಅಗತ್ಯವಾಗಿದ್ದ ಕಾಲವದು. ಫೂಟ್ ಅವರು ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳಲ್ಲಿ ಸಂಚರಿಸಿ 1882ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಮುಂದೆ ಕೋಲಾರದಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಅವರ ನೇತೃತ್ವದಲ್ಲಿ ಚಾಂಪಿಯನ್ ರೀಫ್ ಎಂಬ ಸಮೃದ್ಧ ಬೆಣಚುಕಲ್ಲಿನ ಸಿರ ದೊರೆತು, ಆ ಗಣಿಗಳ ಭವಿಷ್ಯವೇ ಬದಲಾಯಿತು. ಅದೂ ಶಿಸ್ಟ್ ಪಟ್ಟಿಯೊಳಗೇ ಇತ್ತು.

ಧಾರವಾಡ ಶಿಲಾವರ್ಗ

ಬಳ್ಳಾರಿ, ಧಾರವಾಡ ಮತ್ತು ಮೈಸೂರು ಸೀಮೆಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಗ್ನೈಸ್ ಶಿಲೆಯ ವಿಶಾಲ ಬಯಲಿನ ನಡುವೆ ಉದ್ದುದ್ದವಾಗಿ ಹಾದುಹೋಗುವ ಶಿಸ್ಟ್ ಪಟ್ಟಿಗಳೆಲ್ಲ ಒಂದೇ ವರ್ಗಕ್ಕೆ ಸೇರಿದವು ಎಂಬ ನಿರ್ಣಯಕ್ಕೆ ಫೂಟ್ ಬಂದರು. ಅದಕ್ಕೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟರು. ಧಾರವಾಡ–ಶಿವಮೊಗ್ಗ, ಡಂಬಳ–ಚಿಕ್ಕನಾಯಕನಹಳ್ಳಿ, ಸಂಡೂರು, ಕೋಲಾರ ಮೊದಲಾದ ಪಟ್ಟಿಗಳು ಇದರಲ್ಲಿ ಸೇರುತ್ತವೆ. ದಕ್ಷಿಣ ಭಾರತದ ಚಿನ್ನಕ್ಕೆ ಈ ವರ್ಗವೇ ಪ್ರಮುಖ ನೆಲೆಯೆಂದು 1888 ಮತ್ತು 1889ರ ಲೇಖನಗಳಲ್ಲಿ ಪ್ರತಿಪಾದಿಸಿದರು. ಇದರಿಂದ ಚಿನ್ನದ ಅನ್ವೇಷಣೆಗೆ ನಿರ್ದಿಷ್ಟವಾದ ನಕ್ಷೆಯೊಂದು ದೊರೆತಂತಾಯಿತು.

ಶಿಸ್ಟ್ ಪಟ್ಟಿಗಳು ಗ್ನೈಸ್‌ಗಿಂತ ಈಚಿನವು, ಅದರ ಮೇಲೆ ಸಂಚಯಗೊಂಡು ಬಳಿಕ ಮಡಿಕೆಗೊಂಡವು ಎಂಬುದು ಫೂಟ್ ಅವರ ಮತ. ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಮೊದಲಾದ ಮೈಸೂರಿನ ಭೂವಿಜ್ಞಾನಿಗಳು ಇದನ್ನು ಒಪ್ಪದೆ, ಧಾರವಾಡ ಶಿಲೆಗಳೇ ಪ್ರಾಚೀನವೆಂದು ವಾದಿಸಿದರು. ಗ್ನೈಸ್ ಎಲ್ಲವೂ ಒಂದೇ ಕಾಲದ್ದಲ್ಲ, ಶಿಸ್ಟ್ ಪಟ್ಟಿಗಳೂ ಒಂದೇ ಕಾಲದವಲ್ಲ ಎಂಬುದು ವಿಕಿರಣಮಾಪನ ಪದ್ಧತಿಯಿಂದ ತಿಳಿದುಬಂದಿದೆ. ಎರಡೂ ಪಕ್ಷಗಳಲ್ಲಿ ಭಾಗಶಃ ಸತ್ಯವಿತ್ತು.

ನಿವೃತ್ತಿಯ ನಂತರ

1891ರಲ್ಲಿ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದ ಫೂಟ್, ಬರೋಡಾ ಸಂಸ್ಥಾನದ ಭೂವಿಜ್ಞಾನಿಯಾಗಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲ ಇದೇ. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಬಳ್ಳಾರಿ ಸಮೀಪದ ಸಂಗನಕಲ್ಲು, ರಾಯಚೂರು ಜಿಲ್ಲೆಯ ಮಸ್ಕಿ ಮೊದಲಾದ ಪ್ರಾಚೀನ ನೆಲೆಗಳೂ ಇವರ ಸಂಚಾರದಲ್ಲಿಯೇ ಬೆಳಕಿಗೆ ಬಂದವು. ಇವರ ಪ್ರಾಚ್ಯವಸ್ತು ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯವು ಪಡೆದುಕೊಂಡಿತು. ಕೊನೆಯ ವರ್ಷಗಳಲ್ಲಿ ಸೇಲಂ ಬಳಿಯ ಏರ್ಕಾಡ್ ಬೆಟ್ಟದಲ್ಲಿ ನೆಲೆಸಿದ್ದರು. ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಪರಂಪರೆ

20ನೆಯ ಶತಮಾನದ ಮೊದಲ ದಶಕದಲ್ಲಿ ಗದಗ ಪ್ರದೇಶದಲ್ಲಿ ಹಲವು ಚಿನ್ನದ ಕಂಪನಿಗಳು ಗಣಿ ತೆರೆದವಾದರೂ ಅವು ಬಹುಕಾಲ ಉಳಿಯಲಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಲ್ಪಟ್ಟವು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಚಿನ್ನದ ಉತ್ಪಾದನೆ ಮುಂದುವರಿದಿದೆ. ಈ ಮೂರೂ ತಾಣಗಳಿರುವುದು ಶಿಸ್ಟ್ ಪಟ್ಟಿಗಳಲ್ಲೇ. ದಕ್ಷಿಣ ಭಾರತದ ಈ ಪ್ರಾಚೀನ ಭೂಖಂಡವನ್ನು ಇಂದು ಜಗತ್ತಿನಾದ್ಯಂತ ಧಾರವಾಡ ಕ್ರೇಟಾನ್ ಎಂದು ಕರೆಯಲಾಗುತ್ತದೆ.