ಆರ್ಪಾಡ್ ವೈಸ್

ಆರ್ಪಾಡ್ ವೈಸ್ (16 ಏಪ್ರಿಲ್ 1896 – 31 ಜನವರಿ 1944) ಹಂಗೆರಿಯ ಫುಟ್‌ಬಾಲ್ ಆಟಗಾರ ಮತ್ತು ತರಬೇತುದಾರ. ಮುಂಚೂಣಿಯ ಎಡಭಾಗದ ಆಟಗಾರರಾಗಿ ಹಂಗೆರಿ, ಚೆಕೊಸ್ಲೊವಾಕಿಯಾ ಮತ್ತು ಇಟಲಿಯ ತಂಡಗಳಲ್ಲಿ ಆಡಿದ ಇವರು, ತರಬೇತುದಾರರಾಗಿ ಇಟಲಿಯ ಲೀಗ್ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದರು. ಒಮ್ಮೆ ಮಿಲಾನ್ ನಗರದ ಇಂಟರ್ ತಂಡದೊಂದಿಗೆ, ಎರಡು ಬಾರಿ ಬೊಲೊನ್ಯಾ ತಂಡದೊಂದಿಗೆ. ಮೊದಲ ಪ್ರಶಸ್ತಿ ಗೆದ್ದಾಗ ಇವರ ವಯಸ್ಸು 34. ಯೆಹೂದಿಯಾಗಿದ್ದ ಕಾರಣಕ್ಕೆ 1938ರ ಜನಾಂಗೀಯ ಕಾನೂನುಗಳ ನಂತರ ಇಟಲಿಯನ್ನು ತೊರೆಯಬೇಕಾಯಿತು. ಮಡದಿ ಮತ್ತು ಇಬ್ಬರು ಮಕ್ಕಳಂತೆಯೇ ಇವರೂ ಆಶ್ವಿಟ್ಜ್‌ನಲ್ಲಿ ಕೊನೆಯುಸಿರೆಳೆದರು. ಅಂದಿನ ಇಟಲಿಯ ದಾಖಲೆಗಳಲ್ಲಿ ಇವರ ಹೆಸರಿನ ಮೊದಲಕ್ಷರವನ್ನು ಇಟಾಲಿಯನ್ ರೀತಿಗೆ ಬದಲಿಸಿ ಬರೆದಿರುವುದುಂಟು.

ಜನನ ಮತ್ತು ಯೌವನ

ವೈಸ್ ಹಂಗೆರಿಯ ಶೋಲ್ಟ್ ಎಂಬ ಸಣ್ಣ ಊರಿನ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಬುಡಾಪೆಸ್ಟ್‌ನಲ್ಲಿ ಕಾನೂನು ವ್ಯಾಸಂಗಕ್ಕೆ ಸೇರಿದ್ದರೂ ಮೊದಲನೆಯ ಮಹಾಯುದ್ಧ ಅದನ್ನು ಮುಂದುವರಿಯಗೊಡಲಿಲ್ಲ. ಆಸ್ಟ್ರಿಯಾ-ಹಂಗೆರಿಯ ಸೇನೆಯ ಪರವಾಗಿ ಇಟಲಿಯ ಗಡಿಯಲ್ಲಿ ಹೋರಾಡುತ್ತಿದ್ದಾಗ ಸೆರೆಸಿಕ್ಕು, ಸಿಸಿಲಿಯ ತ್ರಾಪಾನಿಯಲ್ಲಿ ಯುದ್ಧಕೈದಿಯಾಗಿದ್ದರು. ಮುಂದೆ ತಮ್ಮ ಕೀರ್ತಿಗೆ ನೆಲೆಯಾದ ದೇಶವನ್ನು ಅವರು ಮೊದಲು ಕಂಡದ್ದು ಹೀಗೆ, ಸೆರೆಯಾಳಾಗಿ.

ಆಟಗಾರರಾಗಿ

ಬುಡಾಪೆಸ್ಟ್‌ನ ತೊರೆಕ್ವೇಶ್ ತಂಡದಲ್ಲಿ ಆಟವನ್ನು ಆರಂಭಿಸಿದ ವೈಸ್, 1920ರ ದಶಕದ ಆದಿಯಲ್ಲಿ ಹಂಗೆರಿಯ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು. ಬಳಿಕ ಚೆಕೊಸ್ಲೊವಾಕಿಯಾದ ಬ್ರನೋ ನಗರದ ಮಕ್ಕಾಬಿ ತಂಡವನ್ನು ಸೇರಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ತೆರಳಿದ ಹಂಗೆರಿ ತಂಡದಲ್ಲಿ ಅವರ ಹೆಸರಿತ್ತಾದರೂ ಕಣಕ್ಕಿಳಿಯುವ ಅವಕಾಶ ದೊರೆಯಲಿಲ್ಲ. ಬಲಿಷ್ಠವೆಂದು ಎಣಿಸಲಾಗಿದ್ದ ಆ ತಂಡ ಈಜಿಪ್ಟ್‌ಗೆ 3–0 ಅಂತರದಿಂದ ಸೋತು ಹಿಂದಿರುಗಿತು. ಅದೇ ವರ್ಷ ಇಟಲಿಯ ಅಲೆಸ್ಸಾಂಡ್ರಿಯಾ ತಂಡಕ್ಕೂ, ಮರುವರ್ಷ ಇಂಟರ್ ತಂಡಕ್ಕೂ ಸೇರಿದರು. ಆದರೆ ಗಾಯದಿಂದಾಗಿ ಮೂವತ್ತರ ಹೊತ್ತಿಗೆ ಆಟವನ್ನು ನಿಲ್ಲಿಸಬೇಕಾಯಿತು. ಆಟಗಾರರಾಗಿ ವೈಸ್ ಸಮರ್ಥರಾಗಿದ್ದರೇ ಹೊರತು ಅಸಾಮಾನ್ಯರೇನೂ ಆಗಿರಲಿಲ್ಲ.

ಮಿಲಾನ್‌ನಲ್ಲಿ ತರಬೇತುದಾರರಾಗಿ

1926ರಲ್ಲಿ ವೈಸ್ ಇಂಟರ್ ತಂಡದ ತರಬೇತಿಯ ಹೊಣೆ ಹೊತ್ತರು. ಅಂದಿನ ತರಬೇತುದಾರರು ಸೂಟು ಧರಿಸಿ ಮೈದಾನದ ಅಂಚಿನಲ್ಲಿ ನಿಂತು ಸೂಚನೆ ಕೊಡುವುದು ವಾಡಿಕೆಯಾಗಿತ್ತು. ವೈಸ್ ಚಡ್ಡಿ ತೊಟ್ಟು ಆಟಗಾರರ ನಡುವೆಯೇ ಅಭ್ಯಾಸಕ್ಕಿಳಿಯುತ್ತಿದ್ದರು. ಆಹಾರ, ವಿಶ್ರಾಂತಿ ಮತ್ತು ದೇಹದಾರ್ಢ್ಯಗಳನ್ನೂ ತರಬೇತಿಯ ಭಾಗವೆಂದೇ ಪರಿಗಣಿಸಿದ ಅವರು ಎಳೆಯರ ಪಂದ್ಯಗಳನ್ನು ತಪ್ಪದೆ ನೋಡುತ್ತಿದ್ದರು. ಹಿರಿಯ ಆಟಗಾರ ಫುಲ್ವಿಯೊ ಬೆರ್ನಾರ್ದಿನಿಯವರ ಶಿಫಾರಸಿನ ಮೇರೆಗೆ ಅವರು ಗಮನಿಸಿದ ಹುಡುಗನೇ ಜೂಸೆಪ್ಪೆ ಮೆಯಾತ್ಸಾ. 1927ರಲ್ಲಿ, ಹದಿನೇಳರ ಹರೆಯದಲ್ಲಿ, ಆತನನ್ನು ಹಿರಿಯರ ತಂಡಕ್ಕೆ ಇಳಿಸಿದ್ದು ವೈಸ್ ಅವರ ನಿರ್ಧಾರ. ಮುಂದೆ 1934 ಮತ್ತು 1938ರ ವಿಶ್ವಕಪ್‌ಗಳನ್ನು ಗೆದ್ದ ಇಟಲಿ ತಂಡದಲ್ಲಿ ಆಡಿದ ಮೆಯಾತ್ಸಾ ಹೆಸರನ್ನೇ ಮಿಲಾನ್‌ನ ಸಾನ್ ಸಿರೊ ಕ್ರೀಡಾಂಗಣ ಇಂದು ಹೊತ್ತಿದೆ.

1928ರಲ್ಲಿ ಫ್ಯಾಸಿಸ್ಟ್ ಆಡಳಿತವು ಇಂಟರ್ ತಂಡವನ್ನು ಮತ್ತೊಂದು ತಂಡದೊಂದಿಗೆ ವಿಲೀನಗೊಳಿಸಿ ಆಂಬ್ರೋಸಿಯಾನಾ ಎಂದು ಮರುನಾಮಕರಣ ಮಾಡಿತು. ಇಟಲಿಯ ಎಲ್ಲ ಪ್ರಮುಖ ತಂಡಗಳೂ ಒಂದೇ ಗುಂಪಿನಲ್ಲಿ ಪರಸ್ಪರ ಆಡುವ 'ಸೀರಿ ಎ' ಪದ್ಧತಿ 1929–30ರಲ್ಲಿ ಜಾರಿಗೆ ಬಂದಿತು. ಅದರ ಮೊಟ್ಟಮೊದಲ ಪ್ರಶಸ್ತಿ ವೈಸ್ ಅವರ ಆಂಬ್ರೋಸಿಯಾನಾ ತಂಡಕ್ಕೆ ಸಂದಿತು. ಆ ಋತುವಿನಲ್ಲಿ ಮೆಯಾತ್ಸಾ 31 ಗೋಲುಗಳನ್ನು ಗಳಿಸಿ ಅಗ್ರಸ್ಥಾನದಲ್ಲಿದ್ದರು. ಅದೇ 1930ರಲ್ಲಿ ವೈಸ್ ಅವರು ಆಲ್ದೊ ಮೊಲಿನಾರಿಯವರೊಡನೆ ಆಟದ ತಂತ್ರಗಳನ್ನು ಕುರಿತು ರಚಿಸಿದ ಕೈಪಿಡಿ ಪ್ರಕಟವಾಯಿತು. ಇಟಲಿಯ ರಾಷ್ಟ್ರೀಯ ತಂಡದ ವಿತ್ತೋರಿಯೊ ಪೋತ್ಸೊ ಅದಕ್ಕೆ ಮುನ್ನುಡಿ ಬರೆದಿದ್ದರು.

ಮುಂದಿನ ಕೆಲವು ವರ್ಷಗಳು ಅಲೆದಾಟದವು. 1931–32ರಲ್ಲಿ ಬಾರಿ ತಂಡವನ್ನು ಕೆಳವಿಭಾಗಕ್ಕೆ ಜಾರದಂತೆ ಉಳಿಸಿ, ಮತ್ತೆ ಮಿಲಾನ್‌ಗೆ ಬಂದು ಎರಡು ಬಾರಿ ದ್ವಿತೀಯ ಸ್ಥಾನ ಪಡೆದರು. ಕೆಲಕಾಲ ಎರಡನೆಯ ವಿಭಾಗದ ನೊವಾರಾ ತಂಡದಲ್ಲಿಯೂ ಇದ್ದರು.

ಬೊಲೊನ್ಯಾ

1935ರ ಆದಿಯಲ್ಲಿ ವೈಸ್ ಬೊಲೊನ್ಯಾಕ್ಕೆ ಬಂದರು. ಅಂದು ಯುವೆಂಟಸ್ ತಂಡವು ಸತತ ಐದನೆಯ ಪ್ರಶಸ್ತಿಯತ್ತ ಸಾಗುತ್ತಿತ್ತು. ಸರಣಿಯನ್ನು ಮುರಿದದ್ದು ವೈಸ್ ಅವರ ಬೊಲೊನ್ಯಾ. 1935–36ರ ಪ್ರಶಸ್ತಿಯನ್ನು ಬೆರಳೆಣಿಕೆಯ ಆಟಗಾರರನ್ನೇ ಮತ್ತೆ ಮತ್ತೆ ಕಣಕ್ಕಿಳಿಸಿ ಗೆದ್ದ ಅವರು 1936–37ರಲ್ಲಿ ಅದನ್ನು ಉಳಿಸಿಕೊಂಡರು. 1934ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಗೆಲುವಿನ ಗೋಲು ಗಳಿಸಿದ್ದ ಆಂಜೆಲೊ ಸ್ಕ್ಯಾವಿಯೊ ಮತ್ತು ಉರುಗ್ವೆಯಿಂದ ಬಂದ ಮಿಕೆಲೆ ಆಂಡ್ರೆಯೊಲೊ ತಂಡದ ಆಧಾರಸ್ತಂಭಗಳಾಗಿದ್ದರು. 1937ರ ಪ್ಯಾರಿಸ್ ವಿಶ್ವ ಪ್ರದರ್ಶನದ ಅಂಗವಾಗಿ ನಡೆದ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಬೊಲೊನ್ಯಾ ಇಂಗ್ಲೆಂಡಿನ ಚೆಲ್ಸಿಯನ್ನು 4–1ರಿಂದ ಸೋಲಿಸಿತು. ಈ ಆಟ ಹುಟ್ಟಿದ ನಾಡಿನ ತಂಡದ ಎದುರು ಸಂದ ಈ ಗೆಲುವಿಗೆ ಅಂದು ಲೀಗ್ ಪ್ರಶಸ್ತಿಗಿಂತ ಕಡಿಮೆಯ ಮಹತ್ವವೇನೂ ಇರಲಿಲ್ಲ.

ದೇಶಾಂತರ

1938ರ ಸೆಪ್ಟೆಂಬರ್‌ನಲ್ಲಿ ಮುಸೊಲಿನಿ ಸರ್ಕಾರವು, 1919ರ ನಂತರ ನೆಲೆಸಿದ ವಿದೇಶಿ ಯೆಹೂದಿಗಳು ಆರು ತಿಂಗಳೊಳಗೆ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿತು. ಯೆಹೂದಿ ಮಕ್ಕಳಿಗೆ ಶಾಲೆಗಳ ಬಾಗಿಲು ಮುಚ್ಚಿತು. ವೈಸ್ ಅವರ ಮಗ ರೊಬೆರ್ತೊ 1930ರಲ್ಲಿ, ಮಗಳು ಕ್ಲಾರಾ 1934ರಲ್ಲಿ ಇಟಲಿಯಲ್ಲಿಯೇ ಹುಟ್ಟಿದವರು. ಇಟಾಲಿಯನ್ ಹೆಸರುಗಳನ್ನೇ ಹೊತ್ತವರು. ಅಕ್ಟೋಬರ್‌ನಲ್ಲಿ ವೈಸ್ ತಂಡವನ್ನು ಬಿಟ್ಟರು. ಅವರ ಸ್ಥಾನಕ್ಕೆ ಆಸ್ಟ್ರಿಯಾದ ಹರ್ಮನ್ ಫೆಲ್ಸ್ನರ್ ಬಂದರು. ಆ ಋತುವಿನ ಪ್ರಶಸ್ತಿಯೂ ಬೊಲೊನ್ಯಾದ ಪಾಲಾಯಿತು. ತಂಡವನ್ನು ಕಟ್ಟಿದವರ ಹೆಸರು ಆ ಸಂಭ್ರಮದಲ್ಲಿ ಇರಲಿಲ್ಲ.

1939ರ ಜನವರಿಯಲ್ಲಿ ಕುಟುಂಬ ಪ್ಯಾರಿಸ್ ತಲುಪಿತು. ಅಲ್ಲಿ ಕೆಲಸ ಸಿಗದೆ ನೆದರ್‌ಲ್ಯಾಂಡ್ಸ್‌ನ ಡೋರ್ಡ್ರೆಕ್ಟ್ ಪಟ್ಟಣಕ್ಕೆ ಹೋಗಿ, ಅಲ್ಲಿನ ಡಿ.ಎಫ್.ಸಿ. ಎಂಬ ಚಿಕ್ಕ ತಂಡದ ತರಬೇತಿಗೆ ನಿಂತರು. ಯುರೋಪಿನ ಅಗ್ರ ತಂಡವೊಂದನ್ನು ಬಿಟ್ಟುಬಂದವರು ಇಲ್ಲಿ ಹವ್ಯಾಸಿ ಆಟಗಾರರಿಗೆ ಪಾಠ ಹೇಳಬೇಕಿತ್ತು. ಕೆಳವಿಭಾಗಕ್ಕೆ ಬೀಳುವ ಅಂಚಿನಲ್ಲಿದ್ದ ತಂಡವನ್ನು ಮೊದಲ ವರ್ಷವೇ ಉಳಿಸಿ, ಮುಂದಿನ ಎರಡೂ ಋತುಗಳಲ್ಲಿ ಐದನೆಯ ಸ್ಥಾನಕ್ಕೆ ಏರಿಸಿದರು. ಬಲಾಢ್ಯ ಫೇಯೆನೂರ್ಡ್ ತಂಡವನ್ನೂ ಮಣಿಸಿದರು. ಅವರ ವೃತ್ತಿಕೌಶಲಕ್ಕೆ ಮಿಲಾನ್ ಮತ್ತು ಬೊಲೊನ್ಯಾದ ಪ್ರಶಸ್ತಿಗಳಿಗಿಂತ ಈ ಐದನೆಯ ಸ್ಥಾನಗಳೇ ಹೆಚ್ಚಿನ ಸಾಕ್ಷಿಯೆನ್ನಬಹುದು.

1940ರ ಮೇ ತಿಂಗಳಲ್ಲಿ ಜರ್ಮನಿ ನೆದರ್‌ಲ್ಯಾಂಡ್ಸನ್ನು ಆಕ್ರಮಿಸಿತು. 1941ರ ಸೆಪ್ಟೆಂಬರ್‌ನಲ್ಲಿ ವೈಸ್ ಅವರಿಗೆ ತರಬೇತಿ ನೀಡುವುದನ್ನೂ ಕ್ರೀಡಾಂಗಣ ಪ್ರವೇಶಿಸುವುದನ್ನೂ ನಿಷೇಧಿಸಲಾಯಿತು.

ಬಂಧನ ಮತ್ತು ಮರಣ

1942ರ ಆಗಸ್ಟ್‌ನಲ್ಲಿ ಇಡೀ ಕುಟುಂಬವನ್ನು ಬಂಧಿಸಿ ವೆಸ್ಟರ್‌ಬೋರ್ಕ್ ಶಿಬಿರಕ್ಕೆ ಒಯ್ಯಲಾಯಿತು. ಅಕ್ಟೋಬರ್ 2ರಂದು ರೈಲು ಆಶ್ವಿಟ್ಜ್‌ಗೆ ಹೊರಟಿತು. ದಾರಿಯಲ್ಲಿ ಕೋಸೆಲ್ ಎಂಬಲ್ಲಿ ದುಡಿಯಬಲ್ಲ ಗಂಡಸರನ್ನು ಇಳಿಸಿಕೊಳ್ಳಲಾಗುತ್ತಿತ್ತು. ದೃಢಕಾಯರಾಗಿದ್ದ ವೈಸ್ ಅವರನ್ನೂ ಇಳಿಸಿದರು. ಮಡದಿ ಇಲೋನಾ, ಹನ್ನೆರಡರ ರೊಬೆರ್ತೊ ಮತ್ತು ಎಂಟರ ಕ್ಲಾರಾ ಅದೇ ರೈಲಿನಲ್ಲಿ ಮುಂದೆ ಸಾಗಿದರು. ಅಕ್ಟೋಬರ್ 5ರಂದು ಆ ಮೂವರನ್ನೂ ವಿಷಾನಿಲದ ಕೋಣೆಯಲ್ಲಿ ಕೊಲ್ಲಲಾಯಿತು. ವೈಸ್ ಬಲವಂತದ ದುಡಿಮೆಯಲ್ಲಿ ಮತ್ತೂ ಹದಿನೈದು ತಿಂಗಳಿಗೂ ಹೆಚ್ಚು ಕಾಲ ಜೀವ ಹಿಡಿದಿದ್ದು, 1944ರ ಜನವರಿ 31ರಂದು ಆಶ್ವಿಟ್ಜ್‌ನಲ್ಲಿ ನಿಧನರಾದರು.

ಮರೆವು ಮತ್ತು ಸ್ಮರಣೆ

ಯುದ್ಧಾನಂತರದ ಇಟಲಿಯಲ್ಲಿ ವೈಸ್ ಹೆಸರು ಅಂಕಿಅಂಶಗಳ ಪಟ್ಟಿಯಲ್ಲಿ ಉಳಿಯಿತೇ ವಿನಾ ಅವರು ಏನಾದರೆಂದು ವಿಚಾರಿಸಿದವರು ವಿರಳ. ಪತ್ರಕರ್ತ ಮತ್ತೆಯೊ ಮರಾನಿ ದಾಖಲೆಗಳನ್ನು ಹುಡುಕಿ, ರೊಬೆರ್ತೊನ ಬೊಲೊನ್ಯಾದ ಬಾಲ್ಯಸ್ನೇಹಿತರೊಬ್ಬರನ್ನೂ ಪತ್ತೆಹಚ್ಚಿ, 2007ರಲ್ಲಿ ವೈಸ್ ಜೀವನಚರಿತ್ರೆಯನ್ನು ಪ್ರಕಟಿಸಿದ ಮೇಲೆಯೇ ಈ ಕಥೆ ವ್ಯಾಪಕವಾಗಿ ತಿಳಿದುಬಂದಿತು. 2009ರಲ್ಲಿ ಬೊಲೊನ್ಯಾದ ಕ್ರೀಡಾಂಗಣದಲ್ಲಿ ಅವರ ಸ್ಮರಣಫಲಕವನ್ನು ಸ್ಥಾಪಿಸಲಾಯಿತು. ಆ ಕ್ರೀಡಾಂಗಣಕ್ಕೆ ಇರುವುದು, ವೈಸ್ ತಂಡವನ್ನು ಬಿಟ್ಟಾಗ ಅಧ್ಯಕ್ಷರಾಗಿದ್ದ ರೆನಾತೊ ದಾಲ್ಲಾರಾ ಅವರ ಹೆಸರು. ಮೆಯಾತ್ಸಾ ಹೆಸರಿನ ಸಾನ್ ಸಿರೊ ಕ್ರೀಡಾಂಗಣದಲ್ಲಿ ಅವರ ಗುರುವಿನ ಫಲಕ 2012ರ ಜನವರಿಯಲ್ಲಿ ಅನಾವರಣಗೊಂಡಿತು.