ಮೂರು ಮದುವೆ, ಇಬ್ಬರು ತಂದೆಯರು

ನಾನು ಸರ್ಕಾರಿ ಸೇವೆಗೆ ಸೇರಿದ ಹೊಸತರಲ್ಲಿ ನಮ್ಮ ಕಚೇರಿಗೆ ಹೊಂದಿಕೊಂಡಂತೆ ಉಪನೋಂದಣಿ ಕಚೇರಿಯಿತ್ತು. ಒಂದು ಮಧ್ಯಾಹ್ನ ಅಲ್ಲಿನ ಸೂಚನಾ ಫಲಕದ ಮುಂದೆ ಹಿರಿಯರೊಬ್ಬರು ಬಹಳ ಹೊತ್ತು ನಿಂತಿದ್ದರು. 1954ರ ವಿಶೇಷ ವಿವಾಹ ಕಾಯ್ದೆಯಡಿ ಅವರ ಮಗಳು ಅನ್ಯಧರ್ಮೀಯ ಯುವಕನನ್ನು ವರಿಸುವ ನೋಟಿಸು ಅಲ್ಲಿತ್ತು. ಆಕ್ಷೇಪಣೆಗೆ 30 ದಿನಗಳ ಅವಕಾಶವಿತ್ತು. ಅವರು ಆಕ್ಷೇಪಿಸಲಿಲ್ಲ, ಮದುವೆಗೂ ಬರಲಿಲ್ಲ. ಅಮೆರಿಕದ ನಾಟಕಕಾರ್ತಿ ಆನ್ ನಿಕೋಲ್ಸ್ ಅವರ ಬದುಕನ್ನು ಓದಿದಾಗಲೆಲ್ಲ ನನಗೆ ಆ ಮುಖ ನೆನಪಾಗುತ್ತದೆ.

ನಿಕೋಲ್ಸ್ 1891ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ, ಕಟ್ಟುನಿಟ್ಟಿನ ಬ್ಯಾಪ್ಟಿಸ್ಟ್ ಮನೆತನದಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಮನೆ ಬಿಟ್ಟು ರಂಗಭೂಮಿ ಸೇರಿದರು. ನಟಿಯಾಗಿ ಅಲೆದು, ಕ್ರಮೇಣ ನಾಟಕ ಬರೆಯತೊಡಗಿದರು. ಅವರನ್ನು ಚರಿತ್ರೆಯಲ್ಲಿ ಉಳಿಸಿದ್ದು ‘ಏಬೀಸ್ ಐರಿಷ್ ರೋಸ್’ ಎಂಬ ಒಂದೇ ಪ್ರಹಸನ. ಯಹೂದಿ ಯುವಕ ಏಬಿ ಐರಿಷ್ ಕ್ಯಾಥೊಲಿಕ್ ಯುವತಿ ರೋಸ್ ಮೇರಿಯನ್ನು ಮದುವೆಯಾಗಿ, ಅವಳನ್ನು ಯಹೂದಿ ಎಂದೇ ತಂದೆಗೆ ಪರಿಚಯಿಸುತ್ತಾನೆ. ಪ್ರೊಟೆಸ್ಟೆಂಟ್ ಪಾದ್ರಿ, ಯಹೂದಿ ರಬ್ಬಿ, ಕ್ಯಾಥೊಲಿಕ್ ಗುರು ಹೀಗೆ ಮೂವರಿಂದ ಅವರಿಗೆ ಮೂರು ಬಾರಿ ಮದುವೆಯಾಗುತ್ತದೆ. ಇಬ್ಬರು ತಂದೆಯರೂ ಮಕ್ಕಳನ್ನು ತೊರೆಯುತ್ತಾರೆ. ಕೊನೆಗೆ ಕ್ರಿಸ್ಮಸ್ ಹಿಂದಿನ ರಾತ್ರಿ ಅವಳಿ ಮೊಮ್ಮಕ್ಕಳು ಅವರನ್ನು ಒಂದುಗೂಡಿಸುತ್ತವೆ.

1922ರ ಮೇ 23ರಂದು ನ್ಯೂಯಾರ್ಕಿನಲ್ಲಿ ತೆರೆ ಸರಿದಾಗ ವಿಮರ್ಶಕರು ಇದನ್ನು ಹೀನಾಯವಾಗಿ ತಳ್ಳಿಹಾಕಿದರು. ರಾಬರ್ಟ್ ಬೆಂಚ್ಲಿ ಎಂಬ ವಿಮರ್ಶಕ ತನ್ನ ವಾರಪತ್ರಿಕೆಯಲ್ಲಿ ವಾರವಾರವೂ ಹೊಸ ನಿಂದೆ ಹುಡುಕಬೇಕಾಯಿತು; ನಾಟಕ ಮುಗಿಯಲೇ ಇಲ್ಲವಲ್ಲ! ಹಣ ಸಾಲದೆ ಬಂದಾಗ ನಿಕೋಲ್ಸ್ ಕುಖ್ಯಾತ ಜೂಜುಕೋರ ಆರ್ನಲ್ಡ್ ರಾತ್‌ಸ್ಟೈನ್‌ನಿಂದ ಸಾಲ ತಂದರು. ಆತ ಪಾಲು ಕೇಳದೆ ಬಡ್ಡಿಗೆ ತೃಪ್ತನಾದ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಸದಾ ಮೋಜೆನಿಸಿದೆ: ಜೂಜನ್ನೇ ವೃತ್ತಿಯಾಗಿಸಿಕೊಂಡವನು ತನ್ನ ಕಾಲದ ಅತ್ಯಂತ ಲಾಭದಾಯಕ ಪಣವನ್ನು ಕೈಬಿಟ್ಟಿದ್ದ. ನಾಟಕ 1927ರ ಅಕ್ಟೋಬರ್‌ವರೆಗೆ ನಡೆದು 2,327 ಪ್ರದರ್ಶನಗಳನ್ನು ಕಂಡಿತು. ಅದು ಆಗಿನ ದಾಖಲೆ.

ಇದೇ ಅವಧಿಯಲ್ಲಿ, 1924ರಲ್ಲಿ, ಅಮೆರಿಕದ ಸಂಸತ್ತು ವಲಸೆ ಕಾಯ್ದೆ ತಂದು ಪೂರ್ವ ಯುರೋಪಿನ ಯಹೂದಿಯರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತೆಂಬುದನ್ನು ಮರೆಯಲಾಗದು. ರಂಗಮಂದಿರದಲ್ಲಿ ನಕ್ಕು ಕಣ್ಣೊರೆಸಿಕೊಂಡ ದೇಶವೇ ಹೊರಗೆ ಬೇಲಿ ಹಾಕುತ್ತಿತ್ತು. ನಗುವುದು ಸುಲಭ, ಒಪ್ಪುವುದು ಕಷ್ಟ.

‘ದಿ ಕೋಹೆನ್ಸ್ ಅಂಡ್ ಕೆಲ್ಲೀಸ್’ ಎಂಬ 1926ರ ಚಿತ್ರ ತನ್ನ ಕೃತಿಯನ್ನು ಕದ್ದಿದೆ ಎಂದು ನಿಕೋಲ್ಸ್ ಯೂನಿವರ್ಸಲ್ ಕಂಪನಿಯ ವಿರುದ್ಧ ದಾವೆ ಹೂಡಿದರು. 1930ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರ ತೀರ್ಪು ನಿಕೋಲ್ಸ್‌ಗೆ ವಿರುದ್ಧವಾಯಿತು. ಜಗಳವಾಡುವ ತಂದೆಯರು, ಪ್ರೀತಿಸುವ ಮಕ್ಕಳು, ಕೊನೆಯ ರಾಜಿ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಹಕ್ಕು ಅಭಿವ್ಯಕ್ತಿಗೆ, ವಿಚಾರಕ್ಕಲ್ಲ ಎಂಬುದು ಅದರ ಸಾರ. ನಮ್ಮಲ್ಲೂ ಇಂಥದೇ ಪ್ರಕರಣ ನಡೆಯಿತು. ಪಂಜಾಬಿ ಮತ್ತು ಮದರಾಸಿ ಕುಟುಂಬಗಳ ನಡುವಿನ ಪ್ರೇಮವನ್ನು ಕುರಿತ ಆರ್. ಜಿ. ಆನಂದ್ ಅವರ ‘ಹಮ್ ಹಿಂದೂಸ್ತಾನಿ’ ನಾಟಕಕ್ಕೂ 1956ರ ‘ನ್ಯೂ ಡೆಲ್ಲಿ’ ಚಿತ್ರಕ್ಕೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಇದೇ ತತ್ವವನ್ನು ಎತ್ತಿಹಿಡಿದು, ಆನಂದ್ ಅವರ ಮೇಲ್ಮನವಿಯನ್ನು ವಜಾಗೊಳಿಸಿತು.

ನಿಕೋಲ್ಸ್ ಅಂಥ ಯಶಸ್ಸನ್ನು ಮತ್ತೆ ಕಾಣಲಿಲ್ಲ. 1966ರಲ್ಲಿ ತೀರಿಕೊಂಡರು. ಅವರ ನಾಟಕದ ಪಾತ್ರಗಳು ಅತಿರಂಜಿತ, ಭಾಷೆ ಸಾಧಾರಣ. ವಿಮರ್ಶಕರು ಪೂರ್ತಿ ತಪ್ಪಿರಲಿಲ್ಲ. ಆದರೆ ಕಥೆಯ ನೋವು ಹಳತಾಗಲಿಲ್ಲ. 1972ರಲ್ಲಿ ಇದೇ ಬಗೆಯ ಟಿ.ವಿ. ಹಾಸ್ಯ ಸರಣಿ ‘ಬ್ರಿಜೆಟ್ ಲವ್ಸ್ ಬರ್ನಿ’ ಬಹು ಜನಪ್ರಿಯವಾಗಿದ್ದರೂ ಧಾರ್ಮಿಕ ಮುಖಂಡರ ವಿರೋಧದ ನಡುವೆ ಒಂದೇ ವರ್ಷಕ್ಕೆ ನಿಂತಿತು.

ಕಾನೂನು ಇಬ್ಬರನ್ನು ದಂಪತಿಗಳನ್ನಾಗಿ ಮಾಡಬಲ್ಲದು, ಬೀಗರನ್ನು ಮಾಡಲಾರದು. ಆ ಕೆಲಸವನ್ನು ನಿಕೋಲ್ಸ್ ಮೂರನೆಯ ಅಂಕಕ್ಕೆ ವಹಿಸಿದರು. ಫಲಕದ ಮುಂದೆ ನಿಂತಿದ್ದ ಆ ತಂದೆಗೆ ಅಂಥದೊಂದು ಅಂಕ ದೊರಕಿತೇ? ಅಂದು ಕರೆದು ಒಂದು ಲೋಟ ನೀರು ಕೊಟ್ಟು ಮಾತನಾಡಿಸಬಹುದಿತ್ತು. ಅದು ನನ್ನ ಇಲಾಖೆಯ ವಿಷಯವಲ್ಲವೆಂದು ನಾನು ಕಡತದತ್ತ ತಿರುಗಿದೆ.